ಆರೈಕೆಯ ನೀತಿ: ನಾಲ್ಕನೆಯ ಅಂಶ ಬಿಡಬೇಡಿ

ಸದಸ್ಯರ ಗಮನಕ್ಕೆ. ಯಾವುದೇ ಸೇವೆಯನ್ನು ಪರಿಶೀಲಿಸುವಾಗ ಆರೈಕೆಯ ನೀತಿಯ ಕುರಿತು ಬರೆದ ಅಮೆರಿಕದ ರಾಜಕೀಯ ಚಿಂತಕಿ ಜೋನ್ ಟ್ರಾಂಟೊ 1993ರಲ್ಲಿ ವಿವರಿಸಿದ ನಾಲ್ಕು ಅಂಶಗಳನ್ನೇ ಅಳತೆಗೋಲಾಗಿಸಿ: ಅಗತ್ಯವನ್ನು ಗಮನಿಸುವುದು, ಹೊಣೆ ಹೊರುವುದು, ಕೆಲಸವನ್ನು ಸರಿಯಾಗಿ ಮಾಡಬಲ್ಲ ಸಾಮರ್ಥ್ಯ, ಆರೈಕೆ ಪಡೆದವರ ಪ್ರತಿಕ್ರಿಯೆಗೆ ಕಿವಿಗೊಡುವುದು.

ಆಸ್ಪತ್ರೆಗಳಲ್ಲಿ ಸುಲಭವಾಗಿ ಬಿಟ್ಟುಹೋಗುವುದು ಕೊನೆಯದು. ಊಟ ಕೊಟ್ಟಾಯಿತು ಎಂದು ದಾಖಲಾಗಿರುತ್ತದೆ. ತಟ್ಟೆ ರೋಗಿಯ ಕೈಗೆ ಎಟುಕಿತೇ, ನುಂಗಲು ಆಯಿತೇ ಎಂದು ಯಾರೂ ನೋಡಿರುವುದಿಲ್ಲ. ಹಾಗಾಗಿ ‘ಕೊಟ್ಟದ್ದು’, ‘ತಿಂದದ್ದು’ ಎರಡಕ್ಕೂ ಬೇರೆ ಕಾಲಂ ಇರಲಿ. ಶಾಲೆಯಲ್ಲಿ ಸುಮ್ಮನೆ ಕೂತ ಮಗುವನ್ನೂ ಗಮನಿಸಿ. ಕಚೇರಿಯಲ್ಲಿ ಹೊಣೆ ‘ಎಲ್ಲರದ್ದು’ ಎಂದು ಬರೆದಿದ್ದರೆ (ಬರೆದೇ ಇರುತ್ತಾರೆ!) ಹೊಡೆದುಹಾಕಿ, ಒಬ್ಬರ ಹೆಸರು ಮತ್ತು ದಿನಾಂಕ ಹಾಕಿಸಿ.

ಆರೈಕೆ ಮಾಡುವವರ ರಜೆ, ನಿದ್ದೆ, ಸಂಬಳ ಲೆಕ್ಕಕ್ಕಿಲ್ಲದ ಯೋಜನೆಯನ್ನು ಒಪ್ಪಬೇಡಿ. ದಣಿದವರಲ್ಲಿ ಮೊದಲು ಕುಸಿಯುವುದು ಗಮನ. ಅವರ ಜಾಗಕ್ಕೆ ಬದಲಿಯಾಗಿ ಯಾರು ಬರುತ್ತಾರೆ ಎಂದು ಮೊದಲೇ ಕೇಳಿ.