ಶನಿವಾರ ಸಂಜೆಯ ಊಟಕ್ಕೆ ಕಾಣಿಕೆ ಕೊಡಿ

ಕ್ರಿಸ್ತನಲ್ಲಿ ಪ್ರಿಯರಾದ ಸಹೋದರ ಸಹೋದರಿಯರೇ,

ಬರುವ ಜುಲೈಯಿಂದ ಹತ್ತು ಶನಿವಾರ ನಮ್ಮ ಸಭೆಯ ಹಾಲಿನಲ್ಲಿ ಯುವಕ ಯುವತಿಯರಿಗಾಗಿ ಕನ್ನಡದಲ್ಲಿ ಆಲ್ಫಾ ಕೂಟ, ಅಂದರೆ ಕ್ರೈಸ್ತ ನಂಬಿಕೆಯನ್ನು ಪರಿಚಯಿಸುವ ಕೂಟ, ನಡೆಸಬೇಕೆಂದಿದ್ದೇವೆ. ಇದಕ್ಕೆ ಒಟ್ಟು 60,000 ರೂಪಾಯಿ ಬೇಕು. ಅದರಲ್ಲಿ 40,000 ಊಟಕ್ಕೇ ಹೋಗುತ್ತದೆ.

ಸತ್ಯವೇದ ಕಲಿಸುವುದಕ್ಕೆ ಊಟ ಯಾಕಪ್ಪಾ ಎಂದು ಹಿರಿಯರೊಬ್ಬರು ಸಮಿತಿಯಲ್ಲೇ ಕೇಳಿದರು. ನ್ಯಾಯವಾದ ಪ್ರಶ್ನೆ. ಆಲ್ಫಾ ಶುರುವಾದದ್ದು ಲಂಡನ್ನಿನ ಹೋಲಿ ಟ್ರಿನಿಟಿ ಬ್ರಾಂಪ್ಟನ್ ಸಭೆಯಲ್ಲಿ, 1977ರಲ್ಲಿ, ಆಗತಾನೇ ನಂಬಿಕೆಗೆ ಬಂದವರಿಗಾಗಿ. 1990ರಲ್ಲಿ ಅದರ ಹೊಣೆ ಹೊತ್ತ ನಿಕಿ ಗಂಬೆಲ್, ಚರ್ಚಿನ ಬಾಗಿಲನ್ನೇ ತುಳಿಯದವರಿಗೂ ಒಗ್ಗುವಂತೆ ಅದನ್ನು ಬದಲಿಸಿದರು. ಮೊದಲು ಎಲ್ಲರೂ ಕೂತು ಊಟ, ಆಮೇಲೆ ಚಿಕ್ಕದೊಂದು ಮಾತು, ಕೊನೆಗೆ ಏಳೆಂಟು ಜನರ ಗುಂಪಿನಲ್ಲಿ ಚರ್ಚೆ. ಆ ಚರ್ಚೆಯೇ ಇದರ ಜೀವ. ಗುರುತಿಲ್ಲದವರ ಎದುರು "ನನಗೆ ದೇವರಿದ್ದಾನೆ ಅಂತಲೇ ಅನಿಸೋದಿಲ್ಲ" ಎಂದು ಹೇಳಲು ಯಾರಿಗೂ ಬಾಯಿ ಬರುವುದಿಲ್ಲ. ಜೊತೆಗೆ ಕೂತು ಉಂಡ ಮೇಲೆ ಬರುತ್ತದೆ.

ಇಂಥ ಕೂಟಗಳು ಬೆಂಗಳೂರಿಗೆ ಹೊಸದಲ್ಲ. ಆದರೆ ನಮ್ಮ ಯುವಜನರ ಕಿವಿಗೆ ಬೀಳುವವು ಹೆಚ್ಚಾಗಿ ಇಂಗ್ಲಿಷಿನವು. ಕನ್ನಡದಲ್ಲಿ ಆರಾಧನೆ ನಡೆಯುವ ಹಡ್ಸನ್ ಸ್ಮಾರಕ ದೇವಾಲಯ ಕಟ್ಟಿದ್ದು 1904ರಲ್ಲಿ. ಕನ್ನಡದ ಆರಾಧನೆಗೆ ಈ ಊರಲ್ಲಿ ಬೇರು ಆಳವಾಗಿದೆ. ಆದರೂ ಕೋಲಾರದಿಂದಲೋ ಚಾಮರಾಜನಗರದಿಂದಲೋ ಬಂದು ಪಿ.ಜಿ.ಯಲ್ಲಿರುವ ಹುಡುಗ ತನ್ನ ಸಂಶಯವನ್ನು ತನ್ನ ಮಾತಿನಲ್ಲೇ ಕೇಳಲು ಜಾಗ ಹುಡುಕಬೇಕಾಗಿದೆ. ನಮ್ಮ ಮಕ್ಕಳದೂ ಬೇರೆ ಕಥೆಯಲ್ಲ. ಸಂಡೇ ಸ್ಕೂಲ್ ಮುಗಿಯುತ್ತದೆ, ದೃಢೀಕರಣವಾಗುತ್ತದೆ, ಆಮೇಲೆ ಕ್ರಿಸ್‌ಮಸ್ಸಿಗೆ ಮಾತ್ರ ಮುಖ ಕಾಣುತ್ತದೆ. ನಿಜ ಹೇಳಬೇಕೆಂದರೆ, ಪ್ರಸಂಗ ಮಾಡುವವರಿಗೆ ನಮ್ಮಲ್ಲಿ ಎಂದೂ ಬರಗಾಲವಿಲ್ಲ. ಸುಮ್ಮನೆ ಕೂತು ಕೇಳಿಸಿಕೊಳ್ಳುವವರು ಬೇಕು. ಗುಂಪು ನಡೆಸುವವರಿಗೆ ಮುಂಚೆಯೇ ಎರಡು ಸಂಜೆ ತರಬೇತಿ ಇಟ್ಟಿರುವುದು ಅದಕ್ಕೇ.

ಜೊತೆಯಲ್ಲಿ ಮಾರ್ಕನ ಸುವಾರ್ತೆಯನ್ನೂ ಓದುತ್ತೇವೆ. ಯೇಸುವಿನ ಜೀವನ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಚಿಕ್ಕದು, ಹದಿನಾರೇ ಅಧ್ಯಾಯ. ಅದರಲ್ಲಿ ಶಿಷ್ಯರು ಮತ್ತೆಮತ್ತೆ ತಪ್ಪು ತಿಳಿಯುತ್ತಾರೆ, ಹೆದರುತ್ತಾರೆ, ಕೊನೆಗೆ ಓಡಿಹೋಗುತ್ತಾರೆ. ಇಪ್ಪತ್ತರ ಹರೆಯದವರಿಗೆ ಇದಕ್ಕಿಂತ ಹತ್ತಿರವಾದ ಪುಸ್ತಕ ನಮಗೆ ಗೊತ್ತಿಲ್ಲ.

ಒಂದು ಮಾತು ಸ್ಪಷ್ಟವಾಗಿರಲಿ. ಬರುವವರಿಗೆ ಶುಲ್ಕವಿಲ್ಲ, ಒತ್ತಾಯವಿಲ್ಲ. ಯಾವ ಧರ್ಮದವರಾದರೂ ಬರಬಹುದು, ಎರಡು ವಾರ ಬಂದು ಬಿಟ್ಟರೂ ಯಾರೂ ಬೆನ್ನು ಹತ್ತಿ ಫೋನ್ ಮಾಡುವುದಿಲ್ಲ. ಹದಿನೆಂಟು ತುಂಬದವರು ತಂದೆತಾಯಿಯ ಒಪ್ಪಿಗೆ ಪತ್ರ ತರಲೇಬೇಕು. ಎಲ್ಲರೂ ಒಟ್ಟಿಗೆ ಉಣ್ಣುವಂತೆ ಅಡುಗೆ ಪೂರ್ತಿ ಸಸ್ಯಾಹಾರ. ದೂರದಿಂದ ಬರುವ ಹೆಣ್ಣುಮಕ್ಕಳು ಹೊತ್ತಿಗೆ ಮನೆ ಸೇರಬೇಕಾದ್ದರಿಂದ ಆರಕ್ಕೆ ಶುರು, ಎಂಟೂವರೆಗೆ ಮುಕ್ತಾಯ.

ಲೆಕ್ಕ ಹೀಗಿದೆ. ನಲವತ್ತು ಜನರಿಗೆ ಊಟ, ಟೀ ಸೇರಿ ಒಂದು ಶನಿವಾರಕ್ಕೆ 4,000 ರೂಪಾಯಿ. ಆಲ್ಫಾದ ಭಾಗವಾಗಿ ಪವಿತ್ರಾತ್ಮನ ಕುರಿತು ನಡೆಸುವ ಇಡೀ ದಿನದ ಕೂಟಕ್ಕೆ ಊರಾಚೆ ಹೋಗಬೇಕು. ಬಸ್ಸು, ಜಾಗದ ಬಾಡಿಗೆ ಸೇರಿ 17,000. ಎಂ.ಜಿ. ರಸ್ತೆಯ ಬೈಬಲ್ ಸೊಸೈಟಿಯಿಂದ ಕೊಳ್ಳುವ ಸುವಾರ್ತೆಯ ಕನ್ನಡ ಪ್ರತಿಗಳಿಗೆ 3,000. ಹಾಲಿಗೆ ಬಾಡಿಗೆಯಿಲ್ಲ, ಮಾತಾಡುವವರಿಗೆ ಸಂಭಾವನೆಯಿಲ್ಲ. ಹುಟ್ಟುಹಬ್ಬದ ಹೆಸರಿನಲ್ಲೋ, ತೀರಿಕೊಂಡವರ ನೆನಪಿಗೋ ಒಂದು ಶನಿವಾರದ ಊಟ ವಹಿಸಿಕೊಂಡರೆ ದೊಡ್ಡ ಉಪಕಾರ. ನೂರು ರೂಪಾಯಿ ಕೊಟ್ಟರೆ ಒಬ್ಬರ ಊಟ ಆಯಿತು.

ಇದು ಧಾರ್ಮಿಕ ಉದ್ದೇಶದ ಕಾಣಿಕೆಯಾದ್ದರಿಂದ 80ಜಿ ತೆರಿಗೆ ವಿನಾಯಿತಿ ಸಿಗುವುದಿಲ್ಲ, ರಸೀದಿ ಮಾತ್ರ ಕೊಡುತ್ತೇವೆ. ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿಯೂ ನಮಗೆ ಇಲ್ಲ. ಭಾರತದ ಪಾಸ್‌ಪೋರ್ಟ್ ಇರುವ ನಿಮ್ಮ ಮಕ್ಕಳು ದುಬೈಯಲ್ಲಿದ್ದರೂ ತಮ್ಮ ಸಂಪಾದನೆಯಿಂದ ಕಳಿಸಬಹುದು. ವಿದೇಶಿ ಪೌರತ್ವ ಪಡೆದವರಿಂದ ದಯವಿಟ್ಟು ಕಳಿಸಬೇಡಿ, ವಾಪಸ್ ಮಾಡಬೇಕಾಗುತ್ತದೆ.

ಭಾನುವಾರ ಆರಾಧನೆಯ ನಂತರ ಸಭೆಯ ಕಚೇರಿಯಲ್ಲಿ ಖಜಾಂಚಿಯವರನ್ನು ಕಾಣಿ. ಚೆಕ್ ಬರೆಯುವವರು ಹಿಂಬದಿಯಲ್ಲಿ "ಯುವಜನ ಕೂಟ" ಎಂದು ನಮೂದಿಸಿ. ಖರ್ಚಿನ ಲೆಕ್ಕವನ್ನು ಕೂಟ ಮುಗಿದ ತಿಂಗಳೊಳಗೆ ಸೂಚನಾ ಫಲಕಕ್ಕೆ ಹಾಕುತ್ತೇವೆ. ಹಣ ಕೊಡಲಾಗದವರು ಬಡಿಸಲು ಬನ್ನಿ, ಶನಿವಾರ ಐದೂವರೆಗೆ. ಪಾತ್ರೆ ತೊಳೆಯಲು ಇನ್ನೂ ಯಾರೂ ಹೆಸರು ಕೊಟ್ಟಿಲ್ಲ.

ಯುವಜನ ಸಮಿತಿಯ ಪರವಾಗಿ,
ಕಾರ್ಯದರ್ಶಿ