ಮನೆಯಲ್ಲಿ ಉಳಿದ ಔಷಧಿಗಳ ವಿಲೇವಾರಿ ಕುರಿತು

ಮಾನ್ಯ ಪೋಷಕರೇ,

ನಮಸ್ಕಾರ.

ಕಳೆದ ವಾರ ಏಳನೇ ತರಗತಿಯ ಮಕ್ಕಳು ಶಾಲೆಯ ಪ್ರಥಮ ಚಿಕಿತ್ಸಾ ಪೆಟ್ಟಿಗೆಯನ್ನು ಒಪ್ಪವಾಗಿಡುವಾಗ ಅವಧಿ ಮೀರಿದ ಕೆಮ್ಮಿನ ಸಿರಪ್ಪನ್ನು ಕೈತೊಳೆಯುವ ಸಿಂಕಿಗೆ ಸುರಿದರು. ಕೆಂಪು ದ್ರವ ಜಾಲರಿಯೊಳಗೆ ಇಳಿಯಿತು. ನಲ್ಲಿ ಬಿಟ್ಟು ತೊಳೆದ ಮೇಲೆ ಕಲೆಯೂ ಉಳಿಯಲಿಲ್ಲ. ಹಾಗೆ ಸುರಿಯಲು ಹೇಳಿದವಳು ನಾನೇ. ಸಂಜೆ ವಿಜ್ಞಾನದ ಶಿಕ್ಷಕರು ನನ್ನ ಕೊಠಡಿಗೆ ಬಂದು, ಮಾಡಿದ್ದು ತಪ್ಪು ಎಂದು ಮುಲಾಜಿಲ್ಲದೆ ಹೇಳಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಬಡಾವಣೆಯ ಒಳಚರಂಡಿ ನೀರು ಕೋರಮಂಗಲ–ಚಲ್ಲಘಟ್ಟ ಕಣಿವೆಯ ಶುದ್ಧೀಕರಣ ಘಟಕಗಳಿಗೆ ಸೇರುತ್ತದೆ. ಅಲ್ಲಿ ಎರಡು ಹಂತಗಳಲ್ಲಿ ಸಂಸ್ಕರಿಸಿದ ನೀರನ್ನು 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಪಂಪ್ ಮಾಡಲಾಗುತ್ತಿದೆ. ಕೆರೆಯಲ್ಲಿ ನಿಂತ ನೀರು ಇಂಗಿ ಕೊಳವೆಬಾವಿಗಳಿಗೆ ಮರುಜೀವ ಕೊಡಲಿ ಎಂಬುದೇ ಯೋಜನೆಯ ಉದ್ದೇಶ. ನಿಮ್ಮಲ್ಲಿ ಹಲವರ ಊರು ಅದೇ ಸೀಮೆಯದು. ಆದರೆ ಇಂತಹ ಘಟಕಗಳನ್ನು ಮಲಿನ ನೀರಿನ ಸಾವಯವ ಕಸವನ್ನು ಸೂಕ್ಷ್ಮಾಣುಗಳಿಂದ ಕೊಳೆಸಿ ತೆಗೆಯಲು ಕಟ್ಟಲಾಗಿದೆಯೇ ಹೊರತು ಔಷಧಿಗಳನ್ನು ಸೋಸಲು ಅಲ್ಲ. ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಜೆಪಿನ್ ಈ ಹಂತಗಳನ್ನೆಲ್ಲ ಹೆಚ್ಚುಕಡಿಮೆ ಹಾಗೆಯೇ ದಾಟುತ್ತದೆ.

ಇದರಲ್ಲಿ ನಮ್ಮ ಮನೆಗಳ ಪಾಲೆಷ್ಟು ಎಂದು ನೀವು ಕೇಳಬಹುದು, ಕೇಳುವುದು ನ್ಯಾಯವೇ. ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿ ಸುಮಾರು 90 ಔಷಧ ಕಾರ್ಖಾನೆಗಳ ತ್ಯಾಜ್ಯನೀರನ್ನು ಸಂಸ್ಕರಿಸಿ ಬಿಡುತ್ತಿದ್ದ ಘಟಕದ ನೀರನ್ನು ಪರೀಕ್ಷಿಸಿದಾಗ, ಲೀಟರಿಗೆ 31 ಮಿಲಿಗ್ರಾಂವರೆಗೂ ಸಿಪ್ರೊಫ್ಲಾಕ್ಸಸಿನ್ ಎಂಬ ಆ್ಯಂಟಿಬಯಾಟಿಕ್ ಸಿಕ್ಕಿದ್ದು 2007ರಲ್ಲಿ ವರದಿಯಾಯಿತು. ಆ ಮಾತ್ರೆ ನುಂಗಿದ ರೋಗಿಯ ರಕ್ತದಲ್ಲೂ ಅಷ್ಟು ಇರುವುದಿಲ್ಲ. ಅದರ ಮುಂದೆ ನಮ್ಮ ಸಿರಪ್ ಬಾಟಲಿ ಏನೂ ಅಲ್ಲ. ಮನೆಗಳಿಂದ ಹೋಗುವುದರಲ್ಲೂ ಹೆಚ್ಚಿನದು ಮೂತ್ರದ ಮೂಲಕವೇ ಹೋಗುತ್ತದೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ದೇಹದಲ್ಲಿ ಬದಲಾಗದೆ ಹಾಗೆಯೇ ಹೊರಬರುತ್ತದೆ. ಅದನ್ನು ತಡೆಯಲಾಗದು, ಈ ಪತ್ರ ಓದಿ ಯಾರೂ ಮಾತ್ರೆ ನಿಲ್ಲಿಸಬಾರದು. ಸಿಂಕಿಗೆ ಸುರಿಯುವುದನ್ನು ಮಾತ್ರ ನಾವು ನಾಳೆಯಿಂದಲೇ ನಿಲ್ಲಿಸಬಹುದು.

2016ರ ಘನತ್ಯಾಜ್ಯ ನಿಯಮಗಳು ಅವಧಿ ಮೀರಿದ ಔಷಧಿಗಳನ್ನು ಗೃಹಬಳಕೆಯ ಅಪಾಯಕಾರಿ ತ್ಯಾಜ್ಯವೆಂದು ಗುರುತಿಸಿ, ಪ್ರತ್ಯೇಕವಾಗಿ ಕೊಡಬೇಕೆಂದು ಹೇಳಿದ್ದವು. ಆದರೂ ನಮ್ಮ ಬೀದಿಯ ಕಸದ ಆಟೋದಲ್ಲಿ ಅದಕ್ಕೆ ಬೇರೆ ಡಬ್ಬಿ ಇದ್ದದ್ದನ್ನು ನಾನಂತೂ ನೋಡಿಲ್ಲ. ಆದ್ದರಿಂದ ಮುಂದಿನ ಪೋಷಕರ ಸಭೆಯ ದಿನ ಕಚೇರಿಯಲ್ಲಿ ಬೀಗವಿರುವ ಪೆಟ್ಟಿಗೆಯೊಂದನ್ನು ಇಡುತ್ತೇವೆ. ಅದರಲ್ಲಿ ಸೇರಿದ್ದನ್ನು ತಮ್ಮ ವೈದ್ಯಕೀಯ ತ್ಯಾಜ್ಯದೊಡನೆ ಸುಡಲು ಕಳುಹಿಸುವುದಾಗಿ ಹತ್ತಿರದ ಆಸ್ಪತ್ರೆಯವರು ಒಪ್ಪಿದ್ದಾರೆ. ಮಾತ್ರೆಗಳನ್ನು ಪಟ್ಟಿಯಿಂದ ಬಿಡಿಸದೆ, ಸಿರಪ್ಪಿನ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ತನ್ನಿ. ಫೆಂಟಾನಿಲ್‌ನಂತಹ ತೀವ್ರ ನೋವು ನಿವಾರಕಗಳಿದ್ದರೆ ಅವುಗಳ ವಿಲೇವಾರಿಯ ಕ್ರಮವೇ ಬೇರೆ. ಬರೆದುಕೊಟ್ಟ ವೈದ್ಯರನ್ನೇ ಕೇಳಿ. ಯಾವ ಔಷಧಿಯನ್ನೂ ದಯವಿಟ್ಟು ಮಕ್ಕಳ ಚೀಲದಲ್ಲಿ ಕಳುಹಿಸಬೇಡಿ, ಹಿರಿಯರ ಕೈಯಿಂದ ಮಾತ್ರ ತೆಗೆದುಕೊಳ್ಳುತ್ತೇವೆ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ