ಕೈ ಕಡಿದ ಸಾಲು

ಪ್ರೀತಿಯ ತಮ್ಮನಿಗೆ,

ನಿನ್ನ ಹಸ್ತಪ್ರತಿ ಬಂದು ಮೂರು ವಾರವಾಯಿತು. ಎರಡು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು, ಎರಡನೆಯ ಸಲ ಸಂಕಟವಾಯಿತು. ಉತ್ತರ ತಡವಾದದ್ದು ಅದಕ್ಕೇ. ಕಾಗುಣಿತ, ಅಧ್ಯಾಯಗಳ ಉದ್ದ, ಯಾವ ಪತ್ರಿಕೆಗೆ ಕಳುಹಿಸಬೇಕು ಎಂದೆಲ್ಲ ಕೇಳಿದ್ದೀಯ. ಅವನ್ನು ಹೇಳಿಕೊಡುವವರು ಬೇಕಾದಷ್ಟು ಮಂದಿ ಇದ್ದಾರೆ. ಕೊನೆಯ ಪುಟದ ಮೂಲೆಯಲ್ಲಿ ಪೆನ್ಸಿಲಿನಿಂದ ‘ಇದನ್ನು ಹರಿದುಹಾಕಲೇ?’ ಎಂದು ಬರೆದಿದ್ದೀಯಲ್ಲ, ಅದಕ್ಕೆ ಮಾತ್ರ ನಾನು ಉತ್ತರ ಕೊಡಬಲ್ಲೆ. ಹರಿಯಬೇಡ.

ತುಳುನಾಡು ದೈವವೆಂದು ನಂಬುವ ಶಿಲ್ಪಿ ಕಲ್ಕುಡನ ವಿಷಯ ಎತ್ತಿಕೊಂಡಿದ್ದೀಯ. ಅದು ಧೈರ್ಯದ ಕೆಲಸ. ಆದರೆ ಯಾರನ್ನು ದೇವರೆನ್ನಬಹುದು ಎಂಬುದಕ್ಕೆ ಮೊದಲ ಪುಟದಲ್ಲೇ ಒಂದು ಅಳತೆಗೋಲು ನೆಟ್ಟುಬಿಟ್ಟಿದ್ದೀಯ: ಆದಿ ಅಂತ್ಯ ಇರಬಾರದು, ಎಲ್ಲವನ್ನೂ ಬಲ್ಲವನಾಗಿರಬೇಕು, ಅವನಿಂದ ಆಗದ್ದು ಏನೂ ಇರಬಾರದು. ಆಮೇಲೆ ಕಲ್ಕುಡನನ್ನು ಕರೆತಂದು ಆ ಕೋಲಿನ ಪಕ್ಕ ನಿಲ್ಲಿಸಿ, ಸಾಲದು ಎಂದು ಹಿಂದಕ್ಕೆ ಕಳುಹಿಸಿದ್ದೀಯ. ಅವನು ಬಾಯಿ ತೆರೆಯುವ ಮೊದಲೇ ತೀರ್ಪು ಮುಗಿದಿದೆ. ಬಸವಣ್ಣನವರ ‘ಮಡಕೆ ದೈವ, ಮೊರ ದೈವ’ ವಚನವನ್ನು ಬೇರೆ ನೆತ್ತಿಯ ಮೇಲೆ ಇಟ್ಟುಕೊಂಡಿದ್ದೀಯ. ‘ದೈವ ದೈವವೆಂದು ಕಾಲಿಡಲಿಂಬಿಲ್ಲ’ ಎಂಬ ಸಿಟ್ಟು ಅವರ ಸ್ವಂತದ್ದು, ಅದಕ್ಕಾಗಿ ಅವರು ಬೆಲೆ ತೆತ್ತಿದ್ದಾರೆ. ನಿನ್ನ ಸಿಟ್ಟು ಎಲ್ಲಿ ಹುಟ್ಟಿದ್ದು ಎಂದು ಮೂವತ್ತೆರಡು ಪುಟ ಹುಡುಕಿದರೂ ನನಗೆ ಸಿಗಲಿಲ್ಲ.

ಲೆಕ್ಕ ನೀನು ಸರಿಯಾಗಿಯೇ ಹಾಕಿದ್ದೀಯ. ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ್ದು 1432ರಲ್ಲಿ, ವೇಣೂರಿನದನ್ನು 1604ರಲ್ಲಿ. ಕಾರ್ಕಳದ ಅರಸ ಕೈಕಾಲು ಕಡಿಸಿದ ಶಿಲ್ಪಿಯೇ ಉಳಿದ ಒಂದು ಕೈಯಿಂದ ವೇಣೂರಿನ ಮೂರ್ತಿಯನ್ನು ಕಡೆದ ಎನ್ನುತ್ತದೆ ತುಳುವಿನ ಹಾಡುಗತೆ ಪಾಡ್ದನ. ನಡುವೆ 172 ವರ್ಷ. ಅಷ್ಟು ಕಾಲ ಯಾರೂ ಬದುಕುವುದಿಲ್ಲ, ಆದ್ದರಿಂದ ಕತೆ ಸುಳ್ಳು ಎಂದು ಗೆದ್ದವನಂತೆ ಬರೆದಿದ್ದೀಯ. ಕಾರ್ಕಳದ ಶಾಸನದಲ್ಲಿ ಮೂರ್ತಿ ಮಾಡಿಸಿದ ವೀರಪಾಂಡ್ಯನ ಹೆಸರಿದೆ, ಮಾಡಿಸೆಂದ ಗುರು ಲಲಿತಕೀರ್ತಿಯ ಹೆಸರಿದೆ. ನಲವತ್ತು ಅಡಿಗೂ ಎತ್ತರದ ಕಲ್ಲಿಗೆ ಉಳಿ ಹಿಡಿದವನ ಹೆಸರನ್ನು ಊರಿನ ನಾಲಿಗೆಯ ಮೇಲೆ ಉಳಿಸಿದ್ದು ಗದ್ದೆಯಲ್ಲಿ ನೇಜಿ ನೆಡುತ್ತಾ ಪಾಡ್ದನ ಹೇಳಿದ ಹೆಂಗಸರು. ಎರಡು ಊರಿನ, ಎರಡು ಶತಮಾನದ ಕಲ್ಲುಕುಟಿಗರನ್ನು ಅವರು ಒಬ್ಬನನ್ನಾಗಿ ಮಾಡಿದ್ದರೆ, ಯಾಕೆ ಮಾಡಿದರು ಎಂದು ಕೇಳಬೇಕಿತ್ತು ನೀನು. ನಿನ್ನ ಪುಸ್ತಕ ಆ ಪ್ರಶ್ನೆಯಲ್ಲಿತ್ತು. ಅದರ ಹೊಸ್ತಿಲಿನಿಂದ ಹಿಂದಿರುಗಿದ್ದೀಯ.

ಕಾರ್ಕಳದ ಬೆಟ್ಟ ಹತ್ತಿದಾಗಲೆಲ್ಲ ನನಗೆ ಒಂದು ವಿಷಯ ಕಾಡುತ್ತದೆ. ಬಾಹುಬಲಿ ದೇವರಾದದ್ದು ಎಲ್ಲವನ್ನೂ ಬಿಟ್ಟುಕೊಟ್ಟು. ಗೆದ್ದ ರಾಜ್ಯವನ್ನು ಬಿಟ್ಟ, ಬಟ್ಟೆ ಬಿಟ್ಟ, ಕೊನೆಗೆ ಅಭಿಮಾನವನ್ನೂ ಬಿಟ್ಟ. ಜೈನರು ಅವನಿಂದ ಬೇಡಿ ಪಡೆಯುವುದೇನಿಲ್ಲ; ಅವನು ವೀತರಾಗ, ಯಾರಿಗೂ ಒಲಿಯುವುದಿಲ್ಲ, ಯಾರ ಮೇಲೂ ಮುನಿಯುವುದಿಲ್ಲ. ಜಗತ್ತನ್ನು ಅವನು ಸೃಷ್ಟಿಸಲೂ ಇಲ್ಲ. ನಿನ್ನ ಅಳತೆಗೋಲಿಗೆ ಅವನೂ ಸಿಗುವುದಿಲ್ಲ, ಅದನ್ನು ಗಮನಿಸಿದೆಯಾ? ಅವನ ಎರಡೂ ಕೈಗಳು ಮೊಣಕಾಲಿನ ತನಕ ನೆಟ್ಟಗೆ ಇಳಿದಿವೆ. ಆ ಕೈಗಳನ್ನು ಕಡೆದವನದು ಎಡಗೈ ಹೋಯಿತು, ಬಲಗಾಲು ಹೋಯಿತು, ಇಂಥದ್ದು ಇನ್ನೊಂದೂರಿನಲ್ಲಿ ಏಳಬಾರದೆಂದು. ಅವನು ಏನನ್ನೂ ಬಿಟ್ಟವನಲ್ಲ, ಅವನಿಂದ ಕಿತ್ತುಕೊಂಡರು. ಅಣ್ಣನನ್ನು ಹುಡುಕಿ ಬಂದ ಕಲ್ಲುರ್ಟಿ ಅದನ್ನು ಕಂಡಳು. ಇಬ್ಬರೂ ಕಣ್ಣಿಗೆ ಕಾಣದಂತೆ ಮಾಯಕ್ಕೆ ಸಂದರು, ಅರಸನನ್ನು ಕಾಡಿದರು, ದೈವಗಳಾದರು. ಒಂದೇ ಬಂಡೆಯಿಂದ ಎರಡು ಬಗೆಯಲ್ಲಿ ದೈವತ್ವ ಎದ್ದಿದೆ. ಒಂದು ಮಾತಾಡುವುದಿಲ್ಲ. ಇನ್ನೊಂದಕ್ಕೆ ಮಾತಾಡದೆ ಇರುವ ಹಕ್ಕೇ ಇಲ್ಲ.

ಇಷ್ಟು ಖಡಾಖಂಡಿತವಾಗಿ ಯಾಕೆ ಹೇಳುತ್ತೇನೆಂದರೆ, ನಾನು ನಿನಗಿಂತ ಕೆಟ್ಟ ತಪ್ಪು ಮಾಡಿದವನು. ಇಪ್ಪತ್ತಾರನೆಯ ವಯಸ್ಸಿನಲ್ಲಿ ಕಲ್ಕುಡನ ಮೇಲೆ ಒಂದು ಲೇಖನ ಬರೆದೆ. ವಾರಪತ್ರಿಕೆಯ ಸಂಪಾದಕರೊಬ್ಬರು, ‘ಭಕ್ತಿ ಇರಲಿ, ರಕ್ತ ಬೇಡ’ ಎಂದರು. ಕೈ ಕಡಿದ ಸಾಲನ್ನು ನಾನೇ, ನನ್ನ ಪೆನ್ನಿನಿಂದಲೇ ಹೊಡೆದುಹಾಕಿದೆ. ಶಿಲ್ಪಿ ತನ್ನ ಕಲೆಯ ಬಲದಿಂದ ದೈವತ್ವಕ್ಕೇರಿದ ಎಂದು ಬರೆದೆ. ಮೆಚ್ಚುಗೆಯ ಕಾಗದಗಳು ರಾಶಿ ಬಂದವು. ಒಂದು ಸಭೆಯಲ್ಲಿ ಶಾಲು ಹೊದಿಸಿದರು. ನನಗೆ ಪಾಡ್ದನ ಹೇಳಿಕೊಟ್ಟಿದ್ದ ಮುದುಕಿಗೆ ಓದಿ ಕೇಳಿಸೋಣವೆಂದು ಪತ್ರಿಕೆ ಹಿಡಿದುಕೊಂಡು ಹೋದೆ. ಅವರಿಗೆ ಅಕ್ಷರ ಬಾರದು. ಎಲೆ ಅಡಿಕೆ ಅಗಿಯುತ್ತಾ ಕೊನೆಯ ತನಕ ಕೇಳಿದರು. ಕೇಳಿ, ‘ಕೈ ಎಲ್ಲಿ ಹೋಯಿತು?’ ಎಂದರು. ನನಗೆ ಉತ್ತರ ತಿಳಿಯಲಿಲ್ಲ. ‘ಕೈ ಸರಿಯಿದ್ದರೆ ಅವನು ಕೂಲಿ ತೆಗೆದುಕೊಂಡು ಮನೆಗೆ ಹೋಗುತ್ತಿದ್ದ. ನಮ್ಮಲ್ಲಿಗೆ ಯಾಕೆ ಬರುತ್ತಿದ್ದ?’ ಎಂದು ಎದ್ದು ಒಳಗೆ ಹೋದರು. ಮತ್ತೆ ನನಗೆ ಅವರು ಒಂದು ಸಾಲನ್ನೂ ಹೇಳಿಕೊಡಲಿಲ್ಲ. ಆ ಸಂಪಾದಕರ ಮೇಲೆ ನನಗಿನ್ನೂ ಕೋಪವಿದೆ. ಆದರೆ ಪೆನ್ನು ನನ್ನ ಕೈಯಲ್ಲಿತ್ತು.

ನೀನು ನಿರಾಕರಿಸಲು ಹೊರಟೆ, ನಾನು ಹೊಗಳಲು ಹೊರಟೆ. ಇಬ್ಬರೂ ಅದೇ ಕೈಯನ್ನು ಬಿಟ್ಟೆವು. ನಿನ್ನ ಹಸ್ತಪ್ರತಿಯಲ್ಲೂ ಅದು ಅರ್ಧ ವಾಕ್ಯ, ‘ಅಂಗಹೀನನಾದ’ ಎಂಬ ಒಂದು ಸಂಸ್ಕೃತ ಪದ. ಯಾರು ಕಡಿದರು, ಯಾರು ಹಿಡಿದುಕೊಂಡರು, ಯಾರು ನೋಡುತ್ತಾ ನಿಂತರು ಎಂಬುದನ್ನು ಆ ಪದ ನುಂಗಿಹಾಕಿದೆ. ಬರೆಯುವವನು ಇದೊಂದನ್ನು ಮಾಡಬಾರದು, ತಮ್ಮಾ. ಇದೊಂದನ್ನು ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ಈ ಮಳೆ ಮುಗಿದು ದೈವಗಳ ಉತ್ಸವವಾದ ನೇಮಗಳು ಶುರುವಾದಾಗ ಒಂದು ಇಡೀ ರಾತ್ರಿ ಕುಳಿತುಕೋ. ದೈವ ಕಟ್ಟಲು ಎಣ್ಣೆ, ವೀಳ್ಯ ಕೊಟ್ಟು ಒಪ್ಪಿಸುವ ಎಣ್ಣೆಬೂಳ್ಯ ಪಡೆದ ಮನುಷ್ಯ ಮುಖಕ್ಕೆ ಹಳದಿ ಅರದಾಳ ಬಳಿದುಕೊಳ್ಳುವಲ್ಲಿಂದ ನೋಡು. ಕಾಲಿಗೆ ಗಗ್ಗರ ಕಟ್ಟಿದ ಮೇಲೆ ಊರಿನ ದೊಡ್ಡ ಮನೆತನವಾದ ಗುತ್ತಿನ ಯಜಮಾನರು ಅವನೆದುರು ಕೈಮುಗಿದು ನಿಲ್ಲುತ್ತಾರೆ. ಬೆಳಗಾದರೆ ಅದೇ ಮನುಷ್ಯ ಅದೇ ಅಂಗಳದ ಅಂಚಿನಲ್ಲಿ ನಿಂತಿರುತ್ತಾನೆ. ಎರಡನ್ನೂ ಬರೆ. ದೈವ ನುಡಿಗೆ ನಿಂತಾಗ ಜನ ಬೇಡುವುದನ್ನಷ್ಟೇ ಕೇಳಿಸಿಕೊಳ್ಳಬೇಡ, ಜಗಳವಾಡುವುದನ್ನೂ ಕೇಳು. ‘ಹೋದ ವರ್ಷ ಕೊಟ್ಟ ಮಾತು ಏನಾಯಿತು?’ ಎಂದು ಕೇಳುವವರಿದ್ದಾರೆ. ದೈವ ಅದಕ್ಕೆ ಉತ್ತರ ಹೇಳಬೇಕು. ತನಗೆ ಅನ್ಯಾಯವಾದದ್ದರಿಂದ ಇನ್ನೊಬ್ಬರ ದೂರು ಅದಕ್ಕೆ ಅರ್ಥವಾಗುತ್ತದೆ ಎಂಬ ನಂಬಿಕೆಯ ಮೇಲೆ ಆ ಅಂಗಳ ನಿಂತಿದೆ. ನನಗೆ ತಿಳಿದ ಮಟ್ಟಿಗೆ ತುಳುನಾಡಿನಲ್ಲಿ ಅರ್ಹತೆ ಎಂದರೆ ಅದು. ನೀನು ಒಪ್ಪಬೇಕಾಗಿಲ್ಲ. ಒಪ್ಪದಿರುವ ಮೊದಲು ಅಲ್ಲಿ ಕುಳಿತಿರಬೇಕು.

ಹಸ್ತಪ್ರತಿಯನ್ನು ಇದರ ಜೊತೆಯಲ್ಲಿ ಹಿಂದಿರುಗಿಸಿದ್ದೇನೆ. ಹತ್ತೊಂಬತ್ತನೆಯ ಪುಟವನ್ನು ಮಡಚಿಟ್ಟಿದ್ದೇನೆ. ನಿಮ್ಮ ಮನೆಯಲ್ಲಿ ತಾಮ್ರದ ಹಂಡೆ ಕಳುವಾದಾಗ ಅಜ್ಜಿ ಪಣೋಲಿಬೈಲಿನ ದೈವಸ್ಥಾನಕ್ಕೆ ಹೋಗಿ ಕಲ್ಲುರ್ಟಿಗೆ ಅಗೇಲಿನ ಎಡೆ ಕೊಡುವ ಹರಕೆ ಹೇಳಿಕೊಂಡರು ಎಂದು ಎರಡು ಸಾಲು ಬರೆದು, ‘ಮುಗ್ಧ ನಂಬಿಕೆ’ ಎಂದು ದಾಟಿಹೋಗಿದ್ದೀಯ. ಹಂಡೆ ಸಿಕ್ಕಿತೇ ಇಲ್ಲವೇ ಎಂಬುದನ್ನು ಬರೆದಿಲ್ಲ. ಸಿಗದಿದ್ದರೆ ಅಜ್ಜಿ ಮುಂದಿನ ಸಲ ಹೋದಾಗ ಕಲ್ಲುರ್ಟಿಗೆ ಏನೆಂದರು? ಅವರು ಇನ್ನೂ ಇದ್ದಾರೆ ಎಂದು ಬರೆದಿದ್ದೀಯ. ಈ ಭಾನುವಾರವೇ ಹೋಗಿ ಕೇಳು.

ಪ್ರೀತಿಯಿಂದ,
ನಿನ್ನ ಹಿರಿಯ